ಬಿಸ್ಕತ್ತಿಗೆ ಕಲಿತ ಆಟ

ಮಂಡ್ಯದ ತಾಯಿಯೊಬ್ಬರ ಪತ್ರ ನಾಲ್ಕು ದಿನದಿಂದ ಮೇಜಿನ ಮೇಲಿದೆ. ಎತ್ತಿಡಲು ಮನಸ್ಸು ಬಂದಿಲ್ಲ. ಮಗನಿಗೆ ಎರಡು ವರ್ಷ ನಾಲ್ಕು ತಿಂಗಳು, ಇನ್ನೂ ಮಾತು ಬಂದಿಲ್ಲ. ಓರಗಿತ್ತಿಯ ಮಗಳು, ಅವನ ವಾರಿಗೆಯವಳೇ, ಚನ್ನಪಟ್ಟಣದ ಮರದ ಲೋಟದಲ್ಲಿ ಮನೆಯವರಿಗೆಲ್ಲ ಸುಳ್ಳುಸುಳ್ಳೇ ಕಾಫಿ ಕೊಡುತ್ತಾಳೆ. ಇವನು ಅದೇ ಲೋಟಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಜೋಡಿಸುತ್ತಾನೆ. ಇಲ್ಲವೇ ಸ್ಟೀಲ್ ಮುಚ್ಚಳ ತಿರುಗಿಸಿ, ನೆಲಕ್ಕೆ ಕೆನ್ನೆಯೊತ್ತಿ, ಅದು ನಿಲ್ಲುವವರೆಗೂ ನೋಡುತ್ತಾನೆ. ಗುರುವಾರ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೊರಟಿದ್ದಾರೆ. ಐದು ವರ್ಷ ತುಂಬಲಿ ಎಂದು ಅತ್ತೆ ತಡೆಯುತ್ತಿದ್ದಾರೆ. ಹೋಗಲೇ, ಬಿಡಲೇ ಎಂದು ಕೇಳಿದ್ದಾರೆ.

ತಾಯೀ, ಸಹಿಯ ಮೇಲೆ ಚಿಕ್ಕದಾಗಿ ಒಂದು ಸಾಲು ಬರೆದಿದ್ದೀರಿ. ಆಟಿಕೆ ಫೋನನ್ನು ಕಿವಿಗೆ ಹಿಡಿಯುವುದನ್ನು ಮೂರು ವಾರದಿಂದ ಕಲಿಸಿದ್ದೀರಿ, ಸಲಕ್ಕೊಂದು ಬಿಸ್ಕತ್ತು. ಡಾಕ್ಟರ ಎದುರಿಗೆ ಮಾಡಿ ತೋರಿಸಿಯಾನು ಎಂಬ ಆಸೆ. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು.

ಬಿಸ್ಕತ್ತಿಗಾಗಿ ಫೋನ್ ಹಿಡಿಯುವುದು ಸುಳ್ಳುಸುಳ್ಳೇ ಆಟವಲ್ಲ, ಕಲಿಸಿದ ಅಭ್ಯಾಸ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಅನೇಕ ಮಕ್ಕಳು ಗೊಂಬೆಗೆ ತುತ್ತಿಡಲು ತೊಡಗುತ್ತಾರೆ. ಮುಂದೆ ಕೋಲು ಕುದುರೆಯಾಗುತ್ತದೆ, ಬಾಳೆಹಣ್ಣು ಫೋನಾಗುತ್ತದೆ. ಇಲ್ಲದ್ದನ್ನು ಇದೆಯೆಂದುಕೊಳ್ಳುವ ಈ ಶಕ್ತಿ ಮಾತಿನ ಜೊತೆಜೊತೆಗೇ ಬೆಳೆಯುತ್ತದೆ. ಅದಕ್ಕೇ ತಜ್ಞರು ಅದನ್ನು ವಿಚಾರಿಸುತ್ತಾರೆ. ಅದೊಂದನ್ನೇ ಅಲ್ಲ. ಹೆಸರು ಕರೆದರೆ ತಿರುಗುತ್ತಾನೆಯೇ, ಆಕಾಶದ ಚಂದ್ರನನ್ನು ಬೆರಳು ಮಾಡಿ ನಿಮಗೆ ತೋರಿಸುತ್ತಾನೆಯೇ, ಕಿವಿ ಸರಿಯಾಗಿ ಕೇಳುತ್ತದೆಯೇ, ಎಲ್ಲವನ್ನೂ ನೋಡುತ್ತಾರೆ. ಸುಳ್ಳುಸುಳ್ಳೇ ಆಟ ಆಡದ ಮಾತ್ರಕ್ಕೆ ಆಟಿಸಂ (ಮಾತು, ಒಡನಾಟ, ಆಟ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಎಂದಲ್ಲ; ಆಟಿಸಂ ಇರುವ ಎಷ್ಟೋ ಮಕ್ಕಳು ತಮ್ಮದೇ ರೀತಿಯಲ್ಲಿ ಆಡುವುದೂ ಉಂಟು. ನೀವು ಕಲಿಸಿದ ಫೋನಿನಿಂದ ಮಗುವಿನ ನಿಜವಾದ ಕಷ್ಟ ಮರೆಯಾದರೆ, ಸಿಗಬೇಕಾದ ನೆರವು ತಡವಾಗುತ್ತದೆ. ನಷ್ಟ ಅವನಿಗೇ.

ನಿಮ್ಮನ್ನು ಈ ಭಯಕ್ಕೆ ತಳ್ಳಿದವರು ಅತ್ತೆಯಲ್ಲ. ಅವರದು ಮೊಮ್ಮಗನ ಮೇಲಿನ ಅಕ್ಕರೆ. ಯುಗಾದಿ ಊಟಕ್ಕೆ ಕುಳಿತು, ‘ತಾಯಿ ಗಮನ ಕೊಡದಿದ್ದರೆ ಮಗು ಹೀಗೇ ಆಗುವುದು’ ಎಂದ ನಿಮ್ಮ ಭಾವ. ಅವರ ಮೇಲೆ ನನಗೆ ಕೋಪವಿದೆ. ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಂದು 1950ರ ದಶಕದಲ್ಲಿ ಓದಿದವರೂ ನಂಬಿದ್ದರು. ಸಾವಿರಾರು ತಾಯಂದಿರನ್ನು ಅಳಿಸಿದ ಮೇಲೆ ಆ ಮಾತು ಸುಳ್ಳಾಯಿತು. ಆಟಿಸಂ ಮಿದುಳಿನ ಬೆಳವಣಿಗೆಗೆ ಸೇರಿದ ವಿಷಯ, ಅದರಲ್ಲಿ ವಂಶವಾಹಿಯ ಪಾಲು ದೊಡ್ಡದು. ಬಡಿಸಿದ ಎಲೆಯ ಮುಂದೆ ಕುಳಿತು ಬಡಿಸಿದವಳನ್ನೇ ನೋಯಿಸುವ ಗಂಡಸರ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ.

ಗುರುವಾರ ಹೋಗಿ. ಇಂದಿನಿಂದ ಫೋನಿನ ಅಭ್ಯಾಸ ನಿಲ್ಲಿಸಿ, ಹೀಗೆ ಕಲಿಸಿದ್ದೆ ಎಂದು ಅಲ್ಲಿ ನೀವೇ ಹೇಳಿ. ಚೀಲದಲ್ಲಿ ಅವನ ಮುಚ್ಚಳವಿರಲಿ. ಅಲ್ಲಿಯವರೆಗೆ ಸಂಜೆ ಹೊತ್ತು ನೀವೂ ಅವನ ಪಕ್ಕದಲ್ಲಿ ನೆಲಕ್ಕೆ ಕೆನ್ನೆಯೊತ್ತಿ ಮಲಗಿ, ಇನ್ನೊಂದು ಮುಚ್ಚಳ ತಿರುಗಿಸಿ. ಅವನು ನಿಮ್ಮತ್ತ ನೋಡಿದನೇ ಎಂದು ನನಗೆ ಬರೆಯಿರಿ.