ಶಾಲು ಯಾರಿಗೆ, ದಾರ ಯಾವುದು?

ಚಳಿ ಶುರುವಾಗುವ ಹೊತ್ತಿಗೆ ಬಂದ ಪ್ರಶ್ನೆಗಳೆಲ್ಲ ಕ್ರೋಶಾದ್ದೇ, ಅಂದರೆ ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವ ಕೆಲಸದ್ದೇ. ಕೈಯಾರೆ ಶಾಲು, ಹೊದಿಕೆ ಹೆಣೆದು ಯಾರಿಗಾದರೂ ಕೊಡಬೇಕು ಅನ್ನುವವರು ಇಷ್ಟೊಂದು ಜನ ಇದ್ದೀರಿ ಅಂತ ನೋಡಿ ತುಂಬಾ ಖುಷಿಯಾಯಿತು. ನೇರವಾಗಿ ಉತ್ತರಕ್ಕೆ ಹೋಗೋಣ.

ತಂಗಿಗೆ ಚೊಚ್ಚಲ ಹೆರಿಗೆ, ಡಿಸೆಂಬರ್‌ನಲ್ಲಿ. ಬಾಣಂತನ ನಮ್ಮಮ್ಮನ ಮನೆಯಲ್ಲೇ. ನಾಮಕರಣಕ್ಕೆ ನಾನೇ ಹೆಣೆದ ಹೊದಿಕೆ ಕೊಡಬೇಕು ಅಂತ ಆಸೆ. ಅಂಗಡಿಯಲ್ಲಿ ಮೆತ್ತನೆಯ ಉಲ್ಲನ್ ನೋಡಿ ಬಂದಿದ್ದೇನೆ. ಎಷ್ಟು ತಗೊಳ್ಳಲಿ, ಯಾವ ಡಿಸೈನ್ ಹಾಕಲಿ?
— ಗೃಹಿಣಿ, ಚಿಂತಾಮಣಿ

ದುಡ್ಡು ಕೊಡುವ ಮೊದಲು ಉಂಡೆಗೆ ಸುತ್ತಿರುವ ಚೀಟಿ ಓದಿ ಅಕ್ಕಾ. ಅಂಗಡಿಯಲ್ಲಿ ಉಲ್ಲನ್ ಅಂತ ಕೊಡುವುದರಲ್ಲಿ ಎಷ್ಟೋ ಅಕ್ರಿಲಿಕ್ ಇರುತ್ತದೆ. ಅದು ಕುರಿಯ ಉಣ್ಣೆಯಲ್ಲ, ಪ್ಲಾಸ್ಟಿಕ್ ಜಾತಿಯ ದಾರ. ಮೆತ್ತಗಿರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಒಗೆಯುವುದು ಸುಲಭ, ಬೆಲೆಯೂ ಕಡಿಮೆ. ಬೇರೆ ಕಡೆಗೆ ಒಳ್ಳೆಯದೇ. ಆದರೆ ಬಾಣಂತಿ ಕೋಣೆಯಲ್ಲಿ ಏನೇನಿರುತ್ತದೆ ಒಮ್ಮೆ ನೆನೆಸಿಕೊಳ್ಳಿ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ಹೊಗೆ ಕೊಡುತ್ತಾರೆ, ಚಳಿಗಾಲವಾದರೆ ಆ ಕೆಂಡದ ಬಾಂಡ್ಲಿ ಮಂಚದ ಹತ್ತಿರವೇ ಉಳಿದುಬಿಡುತ್ತದೆ, ಹೊದಿಕೆಯ ಅಂಚು ಜಾರಿ ಅದರ ಮೇಲೆ ಬೀಳಲು ಎಷ್ಟು ಹೊತ್ತು ಬೇಕು ಹೇಳಿ. ಅಕ್ರಿಲಿಕ್‌ಗೆ ಬೆಂಕಿ ತಾಗಿದರೆ ಸುಮ್ನೆ ಉರಿಯುವುದಿಲ್ಲ, ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಗೂ ಬೆಂಕಿ ಹತ್ತುತ್ತದೆ, ಆದರೆ ಹೀಗೆ ಕರಗಿ ಅಂಟುವುದಿಲ್ಲ. ಹಾಗಾಗಿ ನಿಮಗೆ ಹತ್ತಿ ದಾರವೇ ಸರಿ. ಯಾವ ದಾರವಾದರೂ ಕೆಂಡ ಮಾತ್ರ ದೂರ ಇರಲಿ ಅಂತ ನಿಮ್ಮಮ್ಮನಿಗೂ ಹೇಳಿ.

30 ಇಂಚು ಅಗಲ, 36 ಇಂಚು ಉದ್ದ ಸಾಕು. ದೊಡ್ಡದು ಮಾಡಿದರೆ ಎತ್ತಿಕೊಂಡವರ ಕಾಲಿಗೆ ಸಿಕ್ಕುತ್ತದೆ. ಮಧ್ಯಮ ದಪ್ಪದ ಹತ್ತಿ ದಾರವಾದರೆ ಸುಮಾರು ಅರ್ಧ ಕೆಜಿ ತಗೊಳ್ಳಿ, 4 ಮಿ.ಮೀ. ಕಡ್ಡಿ ಸಾಕು. ಎಲ್ಲಾ ಉಂಡೆ ಒಂದೇ ಸಲಕ್ಕೆ ಕೊಳ್ಳಿ, ಚೀಟಿಯಲ್ಲಿರುವ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಬೇರೆ ಲಾಟ್‌ನ ಬಿಳಿಗೂ ಬಿಳಿಗೂ ವ್ಯತ್ಯಾಸ ಇರುತ್ತದೆ, ಅಂಗಡಿಯ ದೀಪದಲ್ಲಿ ಗೊತ್ತಾಗುವುದಿಲ್ಲ, ಅಂಗಳದ ಬಿಸಿಲಿಗೆ ಹಿಡಿದರೆ ಪಟ್ಟೆ ಎದ್ದು ಕಾಣುತ್ತದೆ. ಕೆಂಪು, ಮೆರೂನ್ ಹಾಕುವ ಆಸೆಯಿದ್ದರೆ ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಒತ್ತಿ ನೋಡಿ. ಬಣ್ಣ ಬಿಟ್ಟರೆ ಬೇಡ.

ಡಿಸೈನ್ ವಿಷಯಕ್ಕೆ ಬಂದರೆ, ತೂತು ತೂತಾಗಿರುವ ಹೂವಿನ ಮಾದರಿ ಮಗುವಿಗೆ ಬೇಡ. ಕಾಲ್ಬೆರಳು, ಕೈಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಒತ್ತಾಗಿ ಬರುವ ಸಿಂಗಲ್ ಕ್ರೋಶಾ (ಗಿಡ್ಡ ಹೆಣಿಗೆ), ಇಲ್ಲವೇ ಒಂದು ಸಿಂಗಲ್ ಒಂದು ಚೈನ್ (ಬರೀ ಕುಣಿಕೆ) ಹಾಕುತ್ತಾ ಹೋಗುವ ಮಾದರಿ ಹಾಕಿ, ಎರಡನೆಯದು ಮೆತ್ತಗೆ ಬರುತ್ತದೆ. ಕುಚ್ಚು, ಮಣಿ, ಗುಂಡಿ, ಅಲಂಕಾರದ ದಾರದ ಚೆಂಡು ಯಾವುದೂ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ದಾರದ ತುದಿಗಳನ್ನು ಗಂಟು ಹಾಕಿ ಕತ್ತರಿಸಬೇಡಿ, ಸೂಜಿಯಲ್ಲಿ ನಾಲ್ಕು ಇಂಚು ಹಿಂದಕ್ಕೂ ಮುಂದಕ್ಕೂ ಪೋಣಿಸಿ ಹುದುಗಿಸಿ. ಬಿಚ್ಚಿಕೊಂಡ ದಾರ ಮಗುವಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಡುವುದೇ ನಿಂತುಬಿಡಬಹುದು.

ಇನ್ನೊಂದು, ಇದನ್ನು ತಂಗಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಒಂದು ವರ್ಷ ತುಂಬುವ ತನಕ ಮಲಗಿರುವ ಮಗುವಿನ ಮೇಲೆ ಸಡಿಲವಾದ ಹೊದಿಕೆ ಹೊದಿಸಬಾರದು ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಅದು ಮುಖಕ್ಕೆ ಬಂದರೆ ಸರಿಸಿಕೊಳ್ಳಲು ಮಗುವಿಗೆ ಆಗುವುದಿಲ್ಲ. ಎಚ್ಚರವಾಗಿದ್ದಾಗ ಎತ್ತಿಕೊಳ್ಳಲು, ಬಿಸಿಲಿಗೆ ಕೂರಿಸಲು, ಚಾಪೆ ಮೇಲೆ ಹಾಸಲು ನಿಮ್ಮ ಹೊದಿಕೆ ಚೆನ್ನಾಗಿ ಆಗುತ್ತದೆ. ಮಗು ಮೂರು ವರ್ಷದ್ದಾದಾಗಲೂ ಎಳೆದುಕೊಂಡು ಓಡಾಡಲಿ ಬಿಡಿ.

ಇಸ್ತ್ರಿ ಹಾಕಬಹುದಾ?
— ಗೌರಿಬಿದನೂರು

ಹತ್ತಿಗೆ ಹಾಕಬಹುದು, ಉಲ್ಟಾ ಕಡೆಯಿಂದ. ಉಣ್ಣೆಗೆ ಒದ್ದೆ ಬಟ್ಟೆ ಮೇಲಿಟ್ಟು ಆವಿ ಮಾತ್ರ. ಅಕ್ರಿಲಿಕ್‌ಗೆ ಮುಟ್ಟಿಸಲೇಬೇಡಿ. ದಾರದ ಜೀವವೇ ಹೋಗಿ ಜೋತುಬಿದ್ದ ಬಟ್ಟೆಯಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ವಿಡಿಯೋ ನೋಡಿ ಅಜ್ಜಿಗೆ ಶಾಲು ಶುರು ಮಾಡಿದೆ. ಡಬಲ್ ಕ್ರೋಶಾ. ಹತ್ತು ಇಂಚು ಆಗುವಷ್ಟರಲ್ಲಿ ತ್ರಿಕೋನದ ಥರ ಕಿರಿದಾಗುತ್ತಾ ಬಂತು. ಎಲ್ಲಿ ತಪ್ಪುತ್ತಿದೆ?
— ಬಿ.ಎಡ್. ವಿದ್ಯಾರ್ಥಿನಿ, ತುಮಕೂರು

ಸಾಲಿನ ಕೊನೆಯಲ್ಲಿ. ಹೊಸಬರು ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಸಾಲು ಮುಗಿದ ಮೇಲೆ ತಿರುಗಿಸಿ ಮೂರು ಚೈನ್ ಹಾಕುತ್ತೀರಿ ಅಲ್ವಾ, ಆ ಮೂರು ಚೈನ್ ಹೊಸ ಸಾಲಿನ ಮೊದಲ ಹೆಣಿಗೆ ಅಂತ ಲೆಕ್ಕ. ಅದರ ಬುಡದಲ್ಲಿ ಮತ್ತೆ ಹಾಕಬಾರದು, ಪಕ್ಕದ್ದರಿಂದ ಶುರು ಮಾಡಬೇಕು. ಅದೇ ರೀತಿ ವಾಪಸ್ ಬಂದಾಗ ಆ ಮೂರನೇ ಚೈನ್‌ನ ತಲೆಯ ಮೇಲೆ ಕೊನೆಯ ಹೆಣಿಗೆ ಬೀಳಬೇಕು. ಅದು ಹೆಣಿಗೆಯ ಹಾಗೆ ಕಾಣುವುದೇ ಇಲ್ಲ, ಸುಮ್ನೆ ಅಂಚಿನ ದಾರದ ಹಾಗೆ ಕಾಣುತ್ತದೆ, ಆದ್ದರಿಂದ ಬಿಟ್ಟುಬಿಡುತ್ತೀರಿ, ಸಾಲಿಗೊಂದು ಕಡಿಮೆಯಾಗುತ್ತಾ ಹೋಗುತ್ತದೆ.

ಪ್ರತಿ ಸಾಲಿನ ಮೊದಲ ಮತ್ತು ಕೊನೆಯ ಹೆಣಿಗೆಗೆ ಬೇರೆ ಬಣ್ಣದ ದಾರದ ತುಂಡು ಸಿಕ್ಕಿಸಿ, ಪಿನ್ನಾದರೂ ಸರಿ. ಕಣ್ಣಿಗೆ ಅಭ್ಯಾಸ ಆಗುವ ತನಕ ಸಾಲು ಮುಗಿದಾಗಲೆಲ್ಲ ಎಣಿಸಿ. ವಿಡಿಯೋ ಯಾವ ದೇಶದ್ದು ಅಂತಲೂ ನೋಡಿಕೊಳ್ಳಿ. ಅಮೆರಿಕದವರು ಡಬಲ್ ಅನ್ನುವುದನ್ನು ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಎರಡು ವಿಡಿಯೋ ಬೆರೆಸಿ ಕಲಿತರೆ ಹೆಣಿಗೆಯ ಎತ್ತರವೇ ತಪ್ಪುತ್ತದೆ.

ಈಗ ಆಗಿರುವುದನ್ನು ಬಿಚ್ಚಿ. ಬೇಜಾರಾಗುತ್ತದೆ, ಗೊತ್ತು. ಆದರೂ ಬಿಚ್ಚಿ. ದಾರ ಸುರುಳಿ ಸುರುಳಿಯಾಗಿದ್ದರೆ ಕುರ್ಚಿ ಬೆನ್ನಿಗೆ ಸಡಿಲವಾಗಿ ಸುತ್ತಿ, ನಾಲ್ಕು ಕಡೆ ಕಟ್ಟಿ ತೆಗೆದು, ನೀರಲ್ಲಿ ಅದ್ದಿ ನೇತುಹಾಕಿ. ಮತ್ತೆ ಶುರು ಮಾಡುವಾಗ ಮೊದಲ ಚೈನ್ ಸಾಲಿಗೆ ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿ ಹಿಡಿಯಿರಿ, ಬುಡ ಬಿಗಿಯಾಗುವುದಿಲ್ಲ. ಶಾಲಿಗೆ ಹೊದಿಕೆಗಿಂತ ದೊಡ್ಡ ಕಡ್ಡಿ ಬೇಕು, 5 ಅಥವಾ 5.5 ಮಿ.ಮೀ. ಇದ್ದರೆ ಭುಜದಿಂದ ಚೆನ್ನಾಗಿ ಇಳಿಯುತ್ತದೆ. ಅಜ್ಜಿಗೆ 18 ರಿಂದ 20 ಇಂಚು ಅಗಲ, 65 ರಿಂದ 70 ಇಂಚು ಉದ್ದ ಮಾಡಿ.

ಮಾವನವರಿಗೆ ಎಂಬತ್ತರ ಹತ್ತಿರ. ಜೀವನಪೂರ್ತಿ ಕರಿ ಕಂಬಳಿ ಹೊದ್ದವರು. ಈಗ ಅದು ಭಾರ ಅನ್ನುತ್ತಾರೆ. ನಾನು ಹೆಣೆದು ಕೊಟ್ಟರೆ ಹೊದೆಯುತ್ತಾರಾ?
— ಸೊಸೆ, ಶಿರಾ ತಾಲೂಕು

ಹೊದೆಯುತ್ತಾರೆ, ಕಂಬಳಿಯ ಜಾಗ ಕಿತ್ತುಕೊಳ್ಳಲು ಹೋಗದಿದ್ದರೆ. ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿ ಬೇರೆಯೇ ವಸ್ತು. ಹುಣಸೆ ಬೀಜದ ಗಂಜಿ ಹಾಕಿ ಮಗ್ಗದಲ್ಲಿ ಒತ್ತಾಗಿ ನೇಯ್ದದ್ದು, ತುಂತುರು ಮಳೆಯನ್ನೂ ತಡೆಯುತ್ತದೆ, ಹಾಸಬಹುದು, ಹೊದೆಯಬಹುದು, ತಲೆಯ ಮೇಲೆ ಗೊಪ್ಪೆ ಮಾಡಿಕೊಂಡು ಹೊಲಕ್ಕೆ ಹೋಗಬಹುದು. ಕ್ರೋಶಾ ಆ ಕೆಲಸ ಮಾಡುವುದಿಲ್ಲ. ಕಂಬಳಿ ಹಾಸಿಗೆಯಲ್ಲೇ ಇರಲಿ. ನೀವು ಜಗಲಿ ಮೇಲೆ ಕೂತಾಗ ಮಂಡಿ, ಕಾಲು ಮುಚ್ಚುವಷ್ಟು ಹಗುರದ್ದೊಂದು ಮಾಡಿ. 36 ಇಂಚು ಅಗಲ, 48 ಇಂಚು ಉದ್ದ. ಎದ್ದು ನಿಂತರೂ ಕಾಲಿಗೆ ತೊಡರುವುದಿಲ್ಲ.

ಬೆಳಗ್ಗೆ ಬೆಂಕಿ ಕಾಯಿಸಿಕೊಳ್ಳುವ ಅಭ್ಯಾಸ ಇದೆಯಾ? ಇದ್ದರೆ ಚಿಂತಾಮಣಿ ಅಕ್ಕನಿಗೆ ಹೇಳಿದ್ದೇ ನಿಮಗೂ, ಅಕ್ರಿಲಿಕ್ ಬೇಡ. ಇಲ್ಲಿ ಅಪ್ಪಟ ಉಣ್ಣೆ ದಾರ ಒಳ್ಳೆಯದು. ಉಣ್ಣೆಗೆ ಬೆಂಕಿ ಸುಲಭವಾಗಿ ಹತ್ತುವುದಿಲ್ಲ, ಹತ್ತಿದರೂ ಕರಿಕಾಗಿ ತಾನೇ ಆರಿಹೋಗುವ ಗುಣ ಅದಕ್ಕಿದೆ. 600 ರಿಂದ 700 ಗ್ರಾಂ ಬೇಕಾಗಬಹುದು. ಬಣ್ಣ ಕಪ್ಪು, ಕಂದು, ಬೂದು. ತಿಳಿ ನೀಲಿ ಹೊದಿಕೆ ಹೊದ್ದು ಜಗಲಿಯಲ್ಲಿ ಕೂರಲು ಅವರಿಗೆ ಸಂಕೋಚ ಆದೀತು.

ಒಗೆಯುವುದು ನಿಮ್ಮ ಪಾಲಿಗೇ ಬರುತ್ತದೆ, ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ತಣ್ಣೀರಿಗೆ ಅಂಟುವಾಳ ಕಾಯಿಯ ನೊರೆ ಹಾಕಿ, ಸ್ವಲ್ಪ ಹೊತ್ತು ಅದ್ದಿ, ಒತ್ತಿ ತೆಗೆಯಿರಿ. ಉಜ್ಜಬೇಡಿ, ಕಲ್ಲಿಗೆ ಬಡಿಯಬೇಡಿ, ಹಿಂಡಬೇಡಿ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಹೊಪ್ಪಳೆ ಇರುತ್ತವೆ, ಬಿಸಿನೀರಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಹೊದಿಕೆ ಕುಗ್ಗಿ ಗಟ್ಟಿಯಾಗುತ್ತದೆ. ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು ನೆರಳಲ್ಲಿ ಮಂಚದ ಮೇಲೆ ಹರಡಿ. ಬೇಸಿಗೆಯಲ್ಲಿ ಎತ್ತಿಡುವಾಗ ಒಗೆದು ಪೂರಾ ಒಣಗಿಸಿಯೇ ಇಡಿ, ನುಸಿ ಬೀಳುವುದು ಕೊಳೆ ಇರುವ ಉಣ್ಣೆಗೇ ಜಾಸ್ತಿ.

ಮನೆಯಲ್ಲೇ ರೇಷ್ಮೆ ನೂಲು ತೆಗೆಯುತ್ತೇವೆ. ಅದೇ ನೂಲಲ್ಲಿ ಅತ್ತಿಗೆಗೆ ಮದುವೆ ಉಡುಗೊರೆಯಾಗಿ ಶಾಲು ಹೆಣೆಯಬಹುದಾ?
— ರೀಲರ್ ಮನೆಯ ಮಗಳು, ಶಿಡ್ಲಘಟ್ಟ

ಎಷ್ಟು ಒಳ್ಳೆಯ ಯೋಚನೆ! ಆದರೆ ಬಿಚ್ಚಿದ ನೂಲು ಹಾಗೇ ಆಗುವುದಿಲ್ಲಮ್ಮಾ. ಕಚ್ಚಾ ರೇಷ್ಮೆ ಸಾಮಾನ್ಯವಾಗಿ 20–22 ಡೆನಿಯರ್, ಅಂದರೆ 9,000 ಮೀಟರ್ ನೂಲಿನ ತೂಕ 20–22 ಗ್ರಾಂ ಅಷ್ಟೇ. ಕಡ್ಡಿಗೆ ಸಿಗುವಷ್ಟು ದಪ್ಪ ಬರಬೇಕಾದರೆ ಎಷ್ಟೋ ಎಳೆ ಸೇರಿಸಿ ಹುರಿ ಹಾಕಬೇಕು. ಮೇಲಾಗಿ ಅದರಲ್ಲಿ ಗೂಡಿನ ಅಂಟು ಇನ್ನೂ ಇರುತ್ತದೆ. ತೂಕದಲ್ಲಿ ಹೆಚ್ಚು ಕಡಿಮೆ ಕಾಲು ಭಾಗ ಆ ಅಂಟೇ. ಸೋಪು, ಸೋಡಾ ನೀರಲ್ಲಿ ಕುದಿಸಿ ತೆಗೆಯುವ ತನಕ ನೂಲು ಗಡುಸು, ಹೊಳಪೂ ಇಲ್ಲ.

ನಿಮ್ಮೂರಲ್ಲಿ ಹುರಿ ಹಾಕುವವರಿಗೆ, ಬಣ್ಣ ಹಾಕುವವರಿಗೆ ಬರ ಇಲ್ಲ. ಹಲವು ಎಳೆ ಹುರಿ ಮಾಡಿಸಿ, ಅಂಟು ತೆಗೆಸಿ, ಬಣ್ಣ ಹಾಕಿಸಿ. ಅಂಟು ಹೋಗಿ ತೂಕ ಇಳಿಯುವುದನ್ನು ಲೆಕ್ಕ ಹಿಡಿದೇ ನೂಲು ಕೊಡಿ. ಅಷ್ಟು ಓಡಾಡಲು ಆಗದಿದ್ದರೆ, ತೂತಾದ ಗೂಡು ಮತ್ತು ಉಳಿಕೆ ರೇಷ್ಮೆಯಿಂದ ನೂತ ಸ್ಪನ್ ಸಿಲ್ಕ್ ಸಿಗುತ್ತದೆ, ಅದು ದಪ್ಪಗಿದ್ದು ಹೆಣೆಯಲು ಸುಲಭ. ಆದರೂ ಮನೆಯ ನೂಲಿನದೇ ಆಗಲಿ ಅಂತ ನನ್ನ ಆಸೆ. ರೇಷ್ಮೆ ಉಣ್ಣೆಯ ಹಾಗೆ ಎಳೆದರೆ ವಾಪಸ್ ಬರುವುದಿಲ್ಲ, ನೇತುಹಾಕಿದರೆ ಉದ್ದವಾಗುತ್ತಾ ಹೋಗುತ್ತದೆ. ಬಯಸಿದ್ದಕ್ಕಿಂತ ಸ್ವಲ್ಪ ಗಿಡ್ಡ ಮಾಡಿ, ಮಡಚಿಡಲು ಹೇಳಿ.

ಗೃಹಪ್ರವೇಶಕ್ಕೆ ಒಬ್ಬರಿಗೆ ಶಾಲು ಕೊಟ್ಟೆ. ಅದನ್ನು ನೋಡಿ ಪಕ್ಕದ ಮನೆಯವರು "ದಾರದ ದುಡ್ಡು ಕೊಡ್ತೀನಿ, ನನಗೂ ಒಂದು ಹಾಕಿಕೊಡು, ಹೇಗೂ ಟೀವಿ ನೋಡ್ತಾ ಕೂತಿರ್ತೀಯಲ್ಲ" ಅಂತಾರೆ. ಇಲ್ಲ ಅನ್ನೋಕೆ ಬಾಯಿ ಬರ್ತಿಲ್ಲ.
— ಹೆಸರು ಬೇಡ, ಕೋಲಾರ

ಉಡುಗೊರೆ ಅಂದರೆ ನೀವಾಗಿ ಕೊಟ್ಟದ್ದು. ಕೇಳಿ ಮಾಡಿಸಿಕೊಂಡದ್ದು ಕೆಲಸ, ಅದಕ್ಕೆ ಕೂಲಿ ಇದೆ. ದೊಡ್ಡ ಶಾಲು ಅಂದರೆ ಕೈ ಪಳಗಿದವರಿಗೂ 25–30 ಗಂಟೆಯ ಕೆಲಸ. ನಮ್ಮ ಊರುಗಳಲ್ಲಿ ಸೀರೆಗೆ ಕ್ರೋಶಾ ಕುಚ್ಚು ಹಾಕಿಸುವಾಗ ಕುಚ್ಚಿಗೆ ಇಷ್ಟು, ಮಣಿ ಹಾಕಿದರೆ ಇಷ್ಟು ಅಂತ ಕೇಳಿ ಎಣಿಸಿ ಕೊಡುತ್ತಾರೆ. ಅದೇ ಕಡ್ಡಿ, ಅದೇ ಕೈ. ಶಾಲಿಗೆ ಮಾತ್ರ ಯಾಕೆ ದಾರದ ದುಡ್ಡು?

ಇದು ನಿಮ್ಮೊಬ್ಬರ ಕಥೆಯಲ್ಲ. ಆಂಧ್ರದ ನರಸಾಪುರದ ಕ್ರೋಶಾ ಲೇಸ್‌ಗೆ 2024ರಲ್ಲಿ ಜಿಐ ಮಾನ್ಯತೆ, ಅಂದರೆ ಇದು ಆ ಊರಿನದೇ ವಿಶೇಷ ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಆ ಲೇಸ್ ಹೊರದೇಶಕ್ಕೆಲ್ಲ ಹೋಗುತ್ತದೆ. ಆದರೆ ಹೆಣೆಯುವ ಹೆಂಗಸರ ಕೂಲಿ ತಲೆಮಾರುಗಟ್ಟಲೆ ಕಡಿಮೆಯೇ ಇತ್ತು, ಮನೆಯಲ್ಲಿ ಬಿಡುವಾಗಿ ಕೂತು ಮಾಡುವ ಕೆಲಸ ಅಲ್ವಾ ಅನ್ನುವ ಅದೇ ಮಾತಿನಿಂದ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಶಾಲಿನ ಜೊತೆ ಹೋಲಿಸಿದರೆ ಅದನ್ನೂ ಹೇಳಿ. ಮೆಷಿನ್ ಹೆಣಿಗೆ ಬೇರೆ, ಕ್ರೋಶಾವನ್ನು ಇವತ್ತಿಗೂ ಕೈಯಲ್ಲೇ ಹಾಕಬೇಕು.

ಪಕ್ಕದ ಮನೆಯವರ ಜೊತೆ ಮುಖ ಕೆಡಿಸಿಕೊಳ್ಳಬೇಡಿ. ನಗುತ್ತಲೇ ಹೀಗೆ ಹೇಳಿ: "ದಾರಕ್ಕೆ ಇಷ್ಟಾಗುತ್ತೆ, ಕೈಕೂಲಿ ಇಷ್ಟು, ಸಂಕ್ರಾಂತಿ ಕಳೆದ ಮೇಲೆ ಕೊಡ್ತೀನಿ. ಇಲ್ಲಾಂದ್ರೆ ಕಡ್ಡಿ ತಗೊಂಡು ಬನ್ನಿ, ಸಾಯಂಕಾಲ ಕೂತು ಕಲಿಸಿಕೊಡ್ತೀನಿ." ಎರಡರಲ್ಲಿ ಒಂದನ್ನು ಅವರು ಆರಿಸಿಕೊಳ್ಳುತ್ತಾರೆ. ಆರಿಸಿಕೊಳ್ಳದಿದ್ದರೆ ಅವರಿಗೆ ಶಾಲು ಅಷ್ಟು ಬೇಕಾಗಿರಲಿಲ್ಲ.

ನಾವು ಏಳೆಂಟು ಜನ ಗೆಳತಿಯರು ಸೇರಿ ಒಂದು ವೃದ್ಧಾಶ್ರಮಕ್ಕೆ ಹೊದಿಕೆ ಹೆಣೆದು ಕೊಡಬೇಕು ಅಂತಿದ್ದೇವೆ. ಒಬ್ಬೊಬ್ಬರ ಕೈ ಒಂದೊಂದು ಥರ. ಹೇಗೆ ಮಾಡೋಣ?
— ನಿವೃತ್ತ ಶಿಕ್ಷಕಿ, ತಿಪಟೂರು

ಚೌಕ ಚೌಕವಾಗಿ ಮಾಡಿ ಮೇಡಂ. 2016ರ ಜನವರಿಯಲ್ಲಿ ಚೆನ್ನೈಯಲ್ಲಿ 'ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್' ತಂಡ 11,148.5 ಚದರ ಮೀಟರ್ ಹೊದಿಕೆ ಮಾಡಿ ಗಿನ್ನೆಸ್ ದಾಖಲೆ ಬರೆದದ್ದೂ ಹೀಗೆ ತುಂಡು ತುಂಡು ಜೋಡಿಸಿಯೇ. ನಿಮ್ಮದು 8 ಇಂಚಿನ ಚೌಕ ಇರಲಿ. ಅಗಲಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48 ಚೌಕಕ್ಕೆ 48 ಇಂಚು ಅಗಲ, 64 ಇಂಚು ಉದ್ದದ ಒಂದು ಹೊದಿಕೆ. ಎಲ್ಲರಿಗೂ ಒಂದೇ ದಾರ, ಒಂದೇ ನಂಬರ್ ಕಡ್ಡಿ, ಜೊತೆಗೆ 8 ಇಂಚು ಕತ್ತರಿಸಿದ ರಟ್ಟು ಕೊಡಿ. ರಟ್ಟಿನ ಮೇಲಿಟ್ಟು ಚಿಕ್ಕದಾದರೆ ಕಡ್ಡಿ ಅರ್ಧ ಮಿ.ಮೀ. ದೊಡ್ಡದು, ದೊಡ್ಡದಾದರೆ ಚಿಕ್ಕದು ಹಿಡಿಯಲಿ. ಚೌಕದ ಕೊನೆಯ ಸುತ್ತು, ಜೋಡಣೆ, ಅಂಚು ಮೂರನ್ನೂ ಒಬ್ಬರೇ ಮಾಡಲಿ, ಆಗ ಎಂಟು ಕೈಗಳ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಶುರು ಮಾಡುವ ಮೊದಲು ಆಶ್ರಮಕ್ಕೆ ಹೋಗಿ ಕೇಳಿ. ಎಷ್ಟು ಜನ ಇದ್ದಾರೆ? ಬಟ್ಟೆ ಯಾರು ಒಗೆಯುತ್ತಾರೆ, ಮೆಷಿನ್ನಿಗೆ ಹಾಕುತ್ತಾರಾ? ಮೆಷಿನ್ ಅಂದರೆ ಇಲ್ಲಿ ಅಕ್ರಿಲಿಕ್ ಸರಿ, ಹಗುರ, ಬೇಗ ಒಣಗುತ್ತದೆ. ದೇವರ ಮುಂದೆ ದೀಪ ಇಡುವ ಕಡೆ ಹೊದ್ದು ಕೂರಬೇಡಿ ಅಂತ ಅಲ್ಲಿ ನೋಡಿಕೊಳ್ಳುವವರಿಗೆ ಹೇಳಿ. ಇಪ್ಪತ್ತು ಜನ ಇದ್ದರೆ ಇಪ್ಪತ್ತೂ ಆದ ಮೇಲೆಯೇ ತೆಗೆದುಕೊಂಡು ಹೋಗಿ. ಹನ್ನೆರಡು ಆಯಿತು ಅಂತ ಮೊದಲೇ ಕೊಟ್ಟರೆ ಉಳಿದ ಎಂಟು ಜನ ನೋಡುತ್ತಾ ಕೂರಬೇಕು, ಆ ವಯಸ್ಸಲ್ಲಿ ಅದು ತುಂಬಾ ನೋಯುತ್ತದೆ. ಮೂಲೆಯಲ್ಲಿ ಅವರವರ ಹೆಸರು ಹೊಲಿದುಕೊಡಿ, ಒಗೆಯಲು ಹೋದಾಗ ಅದಲು ಬದಲಾಗುವುದಿಲ್ಲ. ಈ ಚಳಿಗೆ ಅಷ್ಟೂ ಆಗುವುದು ಕಷ್ಟ, ಮುಂದಿನ ಕಾರ್ತಿಕಕ್ಕೆ ಅಂತ ಇಟ್ಟುಕೊಂಡು ಈಗಲೇ ದಾರ ತನ್ನಿ. ಜೋಡಿಸುವಾಗ ಏನಾದರೂ ಸಿಕ್ಕಾದರೆ ಮತ್ತೆ ಬರೆಯಿರಿ, ಚೌಕದ ಫೋಟೋ ಇದ್ದರೆ ಅದನ್ನೂ ಕಳಿಸಿ.