ಸಂಪಾದಕರ ಉತ್ತರ: ಗಡ್ಡೆ ಎಲ್ಲಿದೆ ಎಂದು ಮೊದಲು ಕೇಳಿ

ಬ್ಯಾಡಗಿಯ ತಾಯಿಯೊಬ್ಬರು ಬರೆದಿದ್ದಾರೆ: “ಧಾರವಾಡದಾಗ ಬಿ.ಎಸ್ಸಿ. ಓದೋ 19 ವರ್ಷದ ಮಗನಿಗೆ ಹೊಟ್ಟಿನೋವು ಬಂದು ಹುಬ್ಬಳ್ಳಿಯಲ್ಲಿ ಅಪೆಂಡಿಕ್ಸ್ ತೆಗೆಸಿದೆವು. ಹತ್ತು ದಿನದ ಮೇಲೆ ಬಯಾಪ್ಸಿ ವರದಿಯಲ್ಲಿ ಕಾರ್ಸಿನಾಯ್ಡ್ ಅಂತ ಬಂತು. ಒಬ್ಬರು ಕ್ಯಾನ್ಸರ್ ಅಂದರು, ಇನ್ನೊಬ್ಬರು ಅಲ್ಲ ಅಂದರು. ನಟ ಇರ್ಫಾನ್ ಖಾನ್‌ಗೆ ಬಂದದ್ದೂ ಇದೇ ಅಂತ ಮೊಬೈಲಿನಲ್ಲಿ ಓದಿದಾಗಿನಿಂದ ನಿದ್ದಿ ಇಲ್ಲ. ಕೀಮೋ ಕೊಡಿಸಬೇಕೇನ್ರಿ? ಇದು ಮೈಯೊಳಗೆ ಬೇರೆ ಕಡೆಗೂ ಬರ್ತದೇನು?”

ತಾಯಿ, ನಿಮ್ಮ ಪತ್ರ ಕೈಸೇರಿದ ದಿನವೇ ಜೊತೆಗಿದ್ದ ವರದಿಯ ಝೆರಾಕ್ಸ್ ಹಿಡಿದು ಪರಿಚಯದ ಪೆಥಾಲಜಿ ವೈದ್ಯರೊಬ್ಬರ ಬಳಿ ಹೋದೆ. ನಾನು ವೈದ್ಯನಲ್ಲ, ಅವರು ಹೇಳಿದ್ದನ್ನೂ ನಾನು ಓದಿಕೊಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ವರದಿಯಲ್ಲಿ ಅವರು ಬೆರಳಿಟ್ಟು ತೋರಿಸಿದ್ದು ಕಾರ್ಸಿನಾಯ್ಡ್ ಎಂಬ ಪದವನ್ನಲ್ಲ, ಅದರ ಕೆಳಗಿನ ಸಾಲನ್ನು: ಗಾತ್ರ 0.7 ಸೆಂಟಿಮೀಟರ್, ಅಪೆಂಡಿಕ್ಸಿನ ತುದಿಯಲ್ಲಿದೆ, ಗ್ರೇಡ್ 1, ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಇಲ್ಲ. “ಇಷ್ಟಿದ್ದರೆ ಆ ಆಪರೇಷನ್ನೇ ಚಿಕಿತ್ಸೆ, ಕೀಮೋ ಮಾತೇ ಇಲ್ಲ” ಎಂದರು. ಇದೇ ಮಾತನ್ನು ನಿಮ್ಮ ಸರ್ಜನ್ ಬಾಯಿಂದಲೂ ಕೇಳಿಸಿಕೊಂಡು ಬನ್ನಿ.

ಆಮೇಲೆ ಇಂಥದೇ ಒಂದು ಹಳೆಯ ಸ್ಲೈಡನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನನ್ನನ್ನು ನೋಡಲು ಕರೆದರು. ಗುಲಾಬಿ ನೆಲದ ಮೇಲೆ ನೇರಳೆ ಚುಕ್ಕೆಗಳ ಗುಂಪುಗಳು. ಜೀವಕೋಶಗಳೆಲ್ಲ ಒಂದೇ ಅಳತೆ, ಜೋಳದ ತೆನೆಯಲ್ಲಿ ಕಾಳು ಕೂತ ಹಾಗೆ. ಪ್ರತಿ ಕೋಶದ ನಡುವಿನ ಉಂಡೆಯೊಳಗೆ ಉಪ್ಪು, ಮೆಣಸಿನಪುಡಿ ಬೆರೆಸಿ ಉದುರಿಸಿದಂಥ ಸಣ್ಣ ಸಣ್ಣ ಹರಳು. ಕ್ಯಾನ್ಸರ್ ಎಂದರೆ ಅಡ್ಡಾದಿಡ್ಡಿ ಬೆಳೆದ ಕೋಶಗಳು ಎಂದುಕೊಂಡಿದ್ದ ನನಗೆ ಆ ಅಚ್ಚುಕಟ್ಟು ನೋಡಿ ಆಶ್ಚರ್ಯವಾಯಿತು. 1907ರಲ್ಲಿ ಜರ್ಮನಿಯ ಮ್ಯೂನಿಕ್‌ನ ವೈದ್ಯ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಇದಕ್ಕೆ ‘ಕ್ಯಾನ್ಸರಿನಂಥದ್ದು’ ಎಂಬ ಅರ್ಥದ ಕಾರ್ಸಿನಾಯ್ಡ್ ಎಂಬ ಹೆಸರಿಟ್ಟಾಗ ಇದನ್ನು ನಿರಪಾಯದ ಗಡ್ಡೆ ಎಂದೇ ನಂಬಿದ್ದರು. 1929ರಲ್ಲಿ ಅವರೇ ಮಾತು ತಿದ್ದಿಕೊಂಡು, ಕೆಲವು ಹರಡುತ್ತವೆ ಎಂದು ಬರೆದರು. ನಿಮಗೆ ಕ್ಯಾನ್ಸರ್ ಅಂದವರೂ ಅಲ್ಲ ಅಂದವರೂ ಆ ಹೆಸರಿನ ಒಂದೊಂದು ತುದಿ ಹಿಡಿದು ಮಾತಾಡಿದ್ದಾರೆ.

ಈಗ ವೈದ್ಯರು ಹೆಚ್ಚಾಗಿ ನ್ಯೂರೋಎಂಡೋಕ್ರೈನ್ ಟ್ಯೂಮರ್ ಎನ್ನುತ್ತಾರೆ. ಹಾರ್ಮೋನು ಸ್ರವಿಸುವ ಈ ಜಾತಿಯ ಕೋಶಗಳು ಕರುಳು, ಹೊಟ್ಟೆ, ಶ್ವಾಸನಾಳಗಳಲ್ಲೆಲ್ಲ ಚದುರಿಕೊಂಡಿವೆ. ಹಾಗಾಗಿ ಗಡ್ಡೆಯೂ ಎಲ್ಲಿ ಬೇಕಾದರೂ ಹುಟ್ಟಬಹುದು. ಆದರೆ ಮಗನ ಅಪೆಂಡಿಕ್ಸಿನಲ್ಲಿ ಸಿಕ್ಕಿತೆಂದರೆ ಪುಪ್ಪುಸಕ್ಕೂ ಬರುತ್ತದೆ ಎಂದಲ್ಲ. ಹೆಸರು ಒಂದೇ ಆದರೂ ಹುಟ್ಟಿದ ಜಾಗ ಬದಲಾದರೆ ಅದರ ನಡತೆಯೇ ಬೇರೆ.

ಅಪೆಂಡಿಕ್ಸಿನದು ಬಹುಪಾಲು ಸಾಧು. ಬೇರೆ ಕಾರಣಕ್ಕೆ ತೆಗೆದಾಗ ಆಕಸ್ಮಿಕವಾಗಿ ಸಿಗುತ್ತದೆ, ಹೆಚ್ಚಾಗಿ ತುದಿಯಲ್ಲೇ ಇರುತ್ತದೆ. 2 ಸೆಂಟಿಮೀಟರ್ ದಾಟಿದರೆ ಪಕ್ಕದ ದೊಡ್ಡ ಕರುಳಿನ ಭಾಗವನ್ನೂ ತೆಗೆಯುತ್ತಾರೆ. 1ರಿಂದ 2ರ ನಡುವೆ ಇದ್ದರೆ ಬುಡದಲ್ಲಿದೆಯೇ, ಸುತ್ತಲ ಕೊಬ್ಬಿನೊಳಗೆ ಇಳಿದಿದೆಯೇ ಎಂದು ನೋಡಿ ತೀರ್ಮಾನಿಸುತ್ತಾರೆ. ಗುದನಾಳದಲ್ಲಿ ಸಿಗುವ ಸಣ್ಣವನ್ನು ಕೊಲೊನೋಸ್ಕೋಪಿ ಮಾಡುವಾಗಲೇ ತೆಗೆಯಲು ಆಗುತ್ತದೆ. ಜಠರದ ಒಳಪದರ ವರ್ಷಗಟ್ಟಲೆ ಸವೆದು ಬಿ12 ಕೊರತೆಯಾದವರಲ್ಲಿ ಕಾಣುವ ಪುಟ್ಟ ಪುಟ್ಟ ಗಡ್ಡೆಗಳು ಹರಡುವುದು ಅಪರೂಪ. ಅದೇ ಜಠರದಲ್ಲಿ ಒಂಟಿಯಾಗಿ, ದೊಡ್ಡದಾಗಿ ಬಂದರೆ ಉಪೇಕ್ಷೆ ಮಾಡುವಂತಿಲ್ಲ.

ಸಣ್ಣ ಕರುಳಿನದು ಮೋಸದ್ದು. ಕಡ್ಲೆಕಾಳಿನಷ್ಟಿದ್ದಾಗಲೇ ಪಕ್ಕದ ದುಗ್ಧಗ್ರಂಥಿಗಳಿಗೂ ಯಕೃತ್ತಿಗೂ ಹೋಗಿರಬಹುದು. ಇದು ಸುರಿಸುವ ಸೆರೊಟೋನಿನ್ ಎಂಬ ಹಾರ್ಮೋನು ಮೊದಲು ಯಕೃತ್ತಿಗೆ ಹೋಗುತ್ತದೆ, ಅಲ್ಲಿ ಒಡೆದು ನಿಷ್ಕ್ರಿಯವಾಗುತ್ತದೆ. ಗಡ್ಡೆ ಯಕೃತ್ತಿನಲ್ಲೇ ಮನೆ ಮಾಡಿದ ಮೇಲೆ ಆ ಕಾವಲು ತಪ್ಪಿ ಹಾರ್ಮೋನು ನೇರ ರಕ್ತಕ್ಕೆ ಬೀಳುತ್ತದೆ. ಆಗ ಇದ್ದಕ್ಕಿದ್ದಂತೆ ಮುಖ, ಕತ್ತು ಕೆಂಪೇರುವುದು, ನೀರಿನಂಥ ಭೇದಿ, ಉಬ್ಬಸ, ಬಹಳ ದಿನವಾದರೆ ಹೃದಯದ ಬಲಭಾಗದ ಕವಾಟ ಬಿಗಿಯುವುದು. ಖಾರ ತಿಂದರೆ ಯಾರ ಮುಖವಾದರೂ ಕೆಂಪಾಗಿ ಬೆವರುತ್ತದೆ. ಗಡ್ಡೆಯಿಂದ ಬರುವ ಕೆಂಪಿಗೆ ಸಾಮಾನ್ಯವಾಗಿ ಬೆವರಿರುವುದಿಲ್ಲ. ಇದನ್ನು ಪತ್ತೆ ಹಚ್ಚಲು 24 ತಾಸಿನ ಮೂತ್ರ ಹಿಡಿದು ಕೊಡಬೇಕು. ಅದಕ್ಕೆ ಮೊದಲು ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ಬಿಡಿಸುತ್ತಾರೆ, ಇಲ್ಲವಾದರೆ ಲೆಕ್ಕ ತಪ್ಪುತ್ತದೆ. ಹೀಗೆ ಹರಡಿದವರಿಗೂ ಇಂದು ದಾರಿ ಇದೆ. ತಿಂಗಳಿಗೊಮ್ಮೆ ಆಕ್ಟ್ರಿಯೋಟೈಡ್ ಅಥವಾ ಲ್ಯಾನ್ರಿಯೋಟೈಡ್ ಇಂಜೆಕ್ಷನ್ ಕೊಡುತ್ತಾರೆ. ಗಡ್ಡೆಯನ್ನೇ ಹುಡುಕಿಕೊಂಡು ಹೋಗಿ ಅಂಟುವ ಲ್ಯುಟೇಷಿಯಂ ಎಂಬ ವಿಕಿರಣದ ಔಷಧವೂ ಇದೆ. ಎಷ್ಟೋ ಜನ ವರ್ಷಗಟ್ಟಲೆ ಕೆಲಸಕ್ಕೆ ಹೋಗಿಬರುತ್ತಾರೆ.

ಪುಪ್ಪುಸದ್ದನ್ನು ನಾನು ಮನೆಯಲ್ಲೇ ನೋಡಿದ್ದೇನೆ. ಗದಗಿನ ನನ್ನ ಸೋದರತ್ತೆಗೆ ನಾಲ್ಕು ವರ್ಷ ಅಸ್ತಮಾ ಎಂದು ಔಷಧ ನಡೆದಿತ್ತು. ರೊಟ್ಟಿ ಬಡಿಯುವ ಹಲಗೆಯ ಪಕ್ಕದಲ್ಲೇ ಇನ್‌ಹೇಲರ್ ಇಟ್ಟುಕೊಂಡಿರುತ್ತಿದ್ದಳು, ನಾಲ್ಕು ರೊಟ್ಟಿಗೊಮ್ಮೆ ಎಳೆದುಕೊಳ್ಳುವಳು. ಮೂರು ಸಲ ನ್ಯುಮೋನಿಯಾ ಆಯಿತು, ಮೂರು ಸಲವೂ ಬಲಪುಪ್ಪುಸದ ಅದೇ ಮೂಲೆಯಲ್ಲಿ. ಒಂದು ಬೆಳಿಗ್ಗೆ ಕೆಮ್ಮಿ ಸೆರಗು ಒತ್ತಿಕೊಂಡಳು, ಸೆರಗಿನ ಮೇಲೆ ಕುಂಕುಮದ ಬೊಟ್ಟಿನಷ್ಟು ರಕ್ತ. ಆಗ ಟಿ.ಬಿ. ಎಂದು ಗಾಬರಿಯಾಗಿ ಓಡಾಡಿದೆವು, ಕಫದಲ್ಲಿ ಟಿ.ಬಿ. ಸಿಗಲಿಲ್ಲ. ಬ್ರಾಂಕೋಸ್ಕೋಪಿ ಹಾಕಿದ ವೈದ್ಯರು ಪರದೆಯ ಮೇಲೆ ತೋರಿಸಿದರು: ಶ್ವಾಸನಾಳದ ಬಾಯಿಗೆ ಬಿರಡೆಯಂತೆ ಕೂತ, ನುಣ್ಣನೆಯ ಕೆಂಪು ಗಡ್ಡೆ. ಪುಪ್ಪುಸದ ಆ ಹಾಲೆ ತೆಗೆದರು, ವರದಿ ಟಿಪಿಕಲ್ ಕಾರ್ಸಿನಾಯ್ಡ್ ಎಂದು ಬಂತು, ಪುಪ್ಪುಸದ ಕಾರ್ಸಿನಾಯ್ಡಿನ ಎರಡು ಬಗೆಗಳಲ್ಲಿ ಹೆಚ್ಚು ಸಾಧುವಾದದ್ದು. ಇನ್‌ಹೇಲರ್ ಬಿಟ್ಟು ಒಂಬತ್ತು ವರ್ಷವಾಯಿತು. ಆ ನಾಲ್ಕು ವರ್ಷ ನಾವ್ಯಾರೂ “ಪ್ರತಿ ಸಲ ಅದೇ ಜಾಗದಾಗ ಯಾಕ್ ಆಗ್ತದ್ರಿ?” ಎಂದು ಕೇಳಲಿಲ್ಲವಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ. ನಿಮ್ಮ ಪತ್ರಕ್ಕೆ ಇಷ್ಟುದ್ದ ಬರೆಯುತ್ತಿರುವುದೂ ಅದಕ್ಕೇ.

ಇರ್ಫಾನ್ ಖಾನ್ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಇದೆ ಎಂದು ಹೇಳಿದ್ದು 2018ರ ಮಾರ್ಚಿನಲ್ಲಿ, ತೀರಿಕೊಂಡದ್ದು 2020ರ ಏಪ್ರಿಲ್ 29ರಂದು. ಆ ಹೆಸರಿನ ಕೆಳಗೆ ಸಾಧುವಾದದ್ದೂ ಇದೆ, ಉಗ್ರವಾದದ್ದೂ ಇದೆ. ಕೋಶಗಳು ಎಷ್ಟು ವೇಗವಾಗಿ ಒಡೆಯುತ್ತಿವೆ ಎಂದು ಕೆಐ-67 ಎಂಬ ಅಂಕಿ ಹೇಳುತ್ತದೆ: ಶೇ 3ಕ್ಕಿಂತ ಕಡಿಮೆಯಾದರೆ ಗ್ರೇಡ್ 1, ಶೇ 20 ಮೀರಿದರೆ ಗ್ರೇಡ್ 3. ನಿಮ್ಮ ಮಗನದು ಶೇ 1. ಅವರ ಕಾಯಿಲೆಯನ್ನು ನಿಮ್ಮ ಹುಡುಗನ ಮೇಲೆ ಹೊದಿಸಬೇಡಿ.

ಬಯಾಪ್ಸಿಯ ಮೂಲ ವರದಿಯನ್ನು ಜೋಪಾನವಾಗಿಡಿ. ಮುಂದೆಂದಾದರೂ ಎರಡನೇ ಅಭಿಪ್ರಾಯ ಬೇಕೆನಿಸಿದರೆ ಸ್ಲೈಡು ಮತ್ತು ತೆಗೆದ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕು ಕೇಳಿ ಪಡೆದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ ತೋರಿಸಬಹುದು, ಹುಡುಗನನ್ನು ಮತ್ತೆ ಚುಚ್ಚಿಸುವ ಅಗತ್ಯವಿಲ್ಲ.

ಪತ್ರದ ಕೊನೆಗೆ, ಅಂದಿನಿಂದ ಅವನ ತಾಟಿಗೆ ಖಾರ ಹಾಕಿಲ್ಲ ಎಂದು ಬರೆದಿದ್ದೀರಿ. ಹೊಲಿಗೆ ಮಾಗಿದ್ದರೆ ಹಾಕಿ, ತಾಯಿ.