ತೊಳೆದ ಪೆಟ್ ಚೂರು ಕರಗಿಸಿದಾಗ ಹಳದಿ ಆಗುತ್ತಿದ್ದರೆ

ಪೆಟ್ ಅಂದರೆ ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್. ಅದರ ಚೂರು ಸ್ವಚ್ಛವಾಗಿ ಕಾಣುತ್ತದೆ, ಕರಗಿಸಿದರೆ ಹಳದಿಯಾಗಿ ಕಪ್ಪು ಚುಕ್ಕೆ ಬರುತ್ತದೆ, ಕೊಂಡವರು ವಾಪಸ್ ಕಳಿಸುತ್ತಿದ್ದಾರೆ ಅಂದಿರಲ್ವಾ, ಅದು ಬಹುಶಃ ಪಿವಿಸಿ ಎಂಬ ಬೇರೆ ಪ್ಲಾಸ್ಟಿಕ್‌ನ ಬೆರಕೆ. ತೊಳೆಯುವ ನೀರಿನ ತೊಟ್ಟಿಯಲ್ಲಿ ಮುಚ್ಚಳದ ಚೂರು ತೇಲುತ್ತದೆ, ಆದರೆ ಪೆಟ್, ಪಿವಿಸಿ ಎರಡೂ ಮುಳುಗುತ್ತವೆ. ಹಾಗಾಗಿ ಎಷ್ಟು ಸಲ ತೊಳೆದರೂ ಬೇರೆಯಾಗುವುದಿಲ್ಲ. ಪೆಟ್ ಕರಗುವ ಶಾಖಕ್ಕೆ ಪಿವಿಸಿ ಸುಟ್ಟು ಆಮ್ಲ ಬಿಡುತ್ತದೆ, ಅದು ಒಳ್ಳೆ ಮಾಲನ್ನೂ ಕೆಡಿಸುತ್ತದೆ. ಟನ್ನಿಗೆ 100 ಗ್ರಾಂ ಇದ್ದರೂ ಸಾಕು.

ಮೊದಲು ಒಂದು ಹಿಡಿ ಚೂರನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, 220 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಅರ್ಧ ಗಂಟೆ ಇಡಿ. ಗಾಳಿ ಆಡುವ ಕಡೆ ಮಾಡಿ, ಆ ಹೊಗೆ ಒಳ್ಳೆಯದಲ್ಲ. ಪೆಟ್ ಬೆಳ್ಳಗಾಗುತ್ತದೆ, ಪಿವಿಸಿ ಕಂದು ಇಲ್ಲವೇ ಕಪ್ಪಾಗಿ ಎದ್ದು ಕಾಣುತ್ತದೆ.

ಕಪ್ಪು ಸಿಕ್ಕರೆ ಸುಮ್ನೆ ಮತ್ತೆ ತೊಳೆಯಬೇಡಿ, ಬಾಟಲಿ ಆರಿಸುವ ಬೆಲ್ಟ್ ಹತ್ತಿರ ಹೋಗಿ. ನಮ್ಮಲ್ಲಿ ಬಾಟಲಿಗೆ ಬಿಗಿಯಾಗಿ ಸುತ್ತಿದ ಪಿವಿಸಿ ಲೇಬಲ್ಲೇ ಕಾರಣವಾಗಿತ್ತು. ಪುಡಿ ಮಾಡುವ ಮೊದಲೇ ಅದನ್ನು ಕಿತ್ತು ತೆಗೆಸಿ, ಆರಿಸುವವರ ಕೈಗೆ ಮಾದರಿ ಕೊಟ್ಟು ತೋರಿಸಿ, ಅವರ ಕಣ್ಣಿನಷ್ಟು ಚುರುಕು ಇನ್ನೇನಿಲ್ಲ.

ಕಪ್ಪಾಗದೆ ಚೂರುಗಳು ಒಂದಕ್ಕೊಂದು ಅಂಟಿಕೊಂಡು ಹಳದಿಯಾದರೆ ಲೇಬಲ್ ಅಂಟು ಉಳಿದಿರಬಹುದು, ತೇವವೂ ಇರಬಹುದು, ಮಾಲು ನೋಡದೆ ಖಚಿತ ಹೇಳಲಾರೆ. ಆಗ ಕಾಸ್ಟಿಕ್ ಸೋಡಾ ಹಾಕಿದ 80 ಡಿಗ್ರಿ ಬಿಸಿನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಅದೇ ಪರೀಕ್ಷೆ ಮತ್ತೆ ಮಾಡಿ.